ನಾಲ್ಕು ಮನೆ ಕೆಳಗಿನ ಶ್ರುತಿ

ಪ್ರೀತಿಯ ಅಣ್ಣನಿಗೆ,

ಈ ಪತ್ರವನ್ನು ನಿನ್ನ ಹೊಸ ಕನ್ನಡಕದ ಡಬ್ಬಿಯೊಳಗೇ ಮಡಚಿ ಇಡುತ್ತಿದ್ದೇನೆ. ಮೊದಲು ಕನ್ನಡಕ ಹಾಕಿಕೋ, ಆಮೇಲೆ ಓದು. ಯಾವ ಪತ್ರ ಬಂದರೂ ಕೊನೆಯ ಸಾಲಿಗೆ ಹಾರುವುದು ನಿನ್ನ ಹುಟ್ಟುಗುಣ, ಅದನ್ನು ಇವತ್ತೊಂದು ದಿನ ಗೂಟಕ್ಕೆ ಕಟ್ಟಿಹಾಕು. ಶನಿವಾರ ನಮ್ಮ ಕನ್ನಡಕದ ಅಂಗಡಿಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು, ಬೀದಿಯ ಕಡೆ ಮುಖ ಮಾಡಿಕೊಂಡು, "ಆಲ್ಬಮ್ ಎಲ್ಲ ಮುಗಿದ್ಮೇಲೆ ಬ್ಯಾಂಡಿಗೆ ವಾಪಸ್ ಬರ್ತೀಯಾ?" ಎಂದು ಕೇಳಿದೆಯಲ್ಲ. ಅಷ್ಟರಲ್ಲಿ ಗಿರಾಕಿ ಬಂದರು, ನಾನು ಹಲ್ಲು ಕಿರಿದು ಜಾರಿಕೊಂಡೆ. ಉತ್ತರ ಇದರಲ್ಲಿದೆ. ಆದರೆ ಅಲ್ಲಿಗೆ ನಾನು ಹೋದ ದಾರಿಯಲ್ಲೇ ನೀನೂ ನಡೆದು ಬರಬೇಕು.

ಹನ್ನೊಂದು ವರ್ಷ ನಾನು ಬರೆದೆ, ನೀನು ಹಾಡಿದೆ. ಅದರಲ್ಲಿ ನನಗೆ ದುಃಖವಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡ. ಡ್ರಮ್ಮಿನ ಹಿಂದೆ ನಮ್ಮ ಸಿಡಿಲು, ಕೀಬೋರ್ಡಿನ ಮುಂದೆ ಹಲ್ಲಿನ ಡಾಕ್ಟರು, ನಡುವೆ ನೀನು, ಗಿಟಾರು ಹಿಡಿದು ನಾನು. ನಾನು ಬಸ್ಸಿನಲ್ಲಿ ಕೂತು ಟಿಕೆಟಿನ ಹಿಂದೆ ಗೀಚಿದ ಸಾಲನ್ನು ಇಡೀ ಸಭಾಂಗಣ ನಿನ್ನ ಜೊತೆ ಹಾಡುವಾಗ ನನಗೆ ಮೈಮೇಲೆ ಮುಳ್ಳೇಳುತ್ತಿತ್ತು. ಒಂದೇ ಒಂದು ಸಲ, ಹೊಸದೊಂದು ಹಾಡನ್ನು ನಾನೇ ಹಾಡುತ್ತೇನೆ ಎಂದು ಕೇಳಿದೆ. ಅಭ್ಯಾಸದ ಕೋಣೆಯಲ್ಲಿ ಎಲ್ಲರ ಮುಂದೆ ಹಾಡಿಯೂ ತೋರಿಸಿದೆ. ನೀನು ಮೈಕಿನ ವೈರು ಸುತ್ತುತ್ತಾ, ನನ್ನ ಮುಖ ನೋಡದೆ ಹೇಳಿದೆ: "ನೀನು ಬರೀತಿರು ಪಿಟೀಲು, ಹಾಡೋದು ನನಗೆ ಬಿಡು. ಮೇಲೆ ಹೋದ್ರೆ ನಿನ್ನ ದನಿ ಕೀರಲು."

ಪಿಟೀಲು ಎಂದದ್ದಕ್ಕೆ ಬೇಜಾರಿಲ್ಲ. ಚಿಕ್ಕಂದಿನಲ್ಲಿ ಇಡೀ ದಿನ ಒಂದೇ ವಿಷಯವನ್ನು ಕುಯ್ಯುತ್ತಿದ್ದೆ ಎಂದು ನೀನಿಟ್ಟ ಹೆಸರು ಅದು. ಕೀರಲು ಎಂದದ್ದು ಮಾತ್ರ ಎದೆಗೆ ನಾಟಿತು. ಗಿಟಾರನ್ನು ಚೀಲಕ್ಕೆ ಹಾಕಿ ಹೊರಟುಬಂದೆ. ನೀನು ಕರೆಯಲಿಲ್ಲ, ನಾನು ತಿರುಗಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ, ಬಿಗುಮಾನದಲ್ಲಿ ಯಾರು ಯಾರಿಗೆ ಕಡಿಮೆ. ಹದಿನಾಲ್ಕು ತಿಂಗಳು ಹೀಗೇ ಹೋಯಿತು.

ನಮ್ಮ ಸೋದರತ್ತೆಯ ಹಾಸಿಗೆ ಅಂಗಡಿ ನಿನಗೆ ಗೊತ್ತೇ ಇದೆ. ಹಿಂದಿನ ಗೋದಾಮಿನಲ್ಲಿ ಸೂರಿನ ತನಕ ಹಾಸಿಗೆ ಒಟ್ಟಿರುತ್ತಾರೆ, ಒಳಗೆ ಹೋದರೆ ನಿನ್ನ ಉಸಿರು ನಿನಗೇ ಕೇಳುತ್ತದೆ. ಸ್ಟುಡಿಯೋದವರು ಎಷ್ಟು ಒದ್ದಾಡಿದರೂ ಅಂಥ ಮೌನ ಸಿಗುವುದಿಲ್ಲ. ಅಂಗಡಿಗೆ ರಜೆಯಿರುವ ಭಾನುವಾರಗಳಲ್ಲಿ ಅಲ್ಲೇ ರೆಕಾರ್ಡಿಂಗ್ ಶುರುಮಾಡಿದೆವು. ನಾನು, ಎರಡು ಮೈಕು, ಮತ್ತು ಒಬ್ಬರು ಸೌಂಡ್ ಮೇಡಂ. ಈ ಮೇಡಂ ನಾಟಕಗಳಿಗೆ ಧ್ವನಿ ಕೂರಿಸುವವರು, ಮಾತು ಕಡಿಮೆ, ಆಡಿದರೆ ಗುಂಡು ಹೊಡೆದ ಹಾಗೆ. ಅತ್ತೆ ಮೂಲೆಯಲ್ಲಿ ಕೂತು ಹಾಸಿಗೆಯ ಅಂಚು ಹೊಲಿಯುತ್ತಿದ್ದರು. ಹೊಲಿಗೆ ಮೆಷಿನ್ ಸದ್ದು ಮಾಡುತ್ತದೆ ಎಂದು ಕೈಯಲ್ಲೇ ಹೊಲಿದರು ಪಾಪ, ಬೆರಳೆಲ್ಲ ತೂತು.

ನಾಲ್ಕು ಭಾನುವಾರ, ನಾಲ್ಕು ಹಾಡು. ಪ್ರತಿಯೊಂದರಲ್ಲೂ ಚರಣಕ್ಕೆ ಬರುವಷ್ಟರಲ್ಲಿ ಗಂಟಲು ಹಿಡಿಯುತ್ತಿತ್ತು, ದನಿ ಕೀರಲಾಗುತ್ತಿತ್ತು. ನೀನು ಹೇಳಿದ್ದೇ ನಿಜವಿರಬೇಕು ಎಂದು ಒಳಗೊಳಗೇ ಕುಸಿಯುತ್ತಾ ಬಂದೆ. ಐದನೆಯ ಭಾನುವಾರ ಮೇಡಂ ಹೆಡ್‌ಫೋನ್ ತೆಗೆದಿಟ್ಟು ನನ್ನ ಗಿಟಾರಿನ ಕಡೆ ಬೆರಳು ತೋರಿಸಿದರು. "ಆ ಕ್ಲಿಪ್ಪು ಯಾಕೆ?"

ಯಾವ ಕ್ಲಿಪ್ಪು ಎಂದೆ ನಾನು. ಗಿಟಾರಿನ ಕತ್ತಿನ ನಾಲ್ಕನೆಯ ಮನೆಯ ಮೇಲೆ ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಆ ಕ್ಲಿಪ್ಪು, ಅಣ್ಣ. ಹನ್ನೆರಡು ವರ್ಷದಿಂದ ಅದು ಅಲ್ಲೇ ಇತ್ತು. ತಂತಿ ಬದಲಿಸುವಾಗ ತೆಗೆಯುತ್ತಿದ್ದೆ, ಆಮೇಲೆ ಕೈ ತಾನಾಗಿ ಅಲ್ಲೇ ಸಿಕ್ಕಿಸುತ್ತಿತ್ತು. ಕಿವಿಯೋಲೆ ಹಾಕಿಕೊಂಡವರಿಗೆ ಕಿವಿಯೋಲೆ ನೆನಪಿರುತ್ತದೆಯೇ? ಬ್ಯಾಂಡು ಬಿಟ್ಟೆ, ವೇದಿಕೆ ಬಿಟ್ಟೆ, ನಿನ್ನ ಜೊತೆ ಮಾತು ಬಿಟ್ಟೆ, ನಿನ್ನ ಶ್ರುತಿಯನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದೆ. "ಇದು ಯಾರ ಶ್ರುತಿ?" ಎಂದು ಮೇಡಂ ಕೇಳಿದಾಗ, "ನಮ್ಮಣ್ಣಂದು" ಎಂದು ಶಾಲೆಯ ಹುಡುಗಿಯ ಹಾಗೆ ಉತ್ತರ ಕೊಟ್ಟೆ. ಅವರು "ಹಾಡೋದು ಅವರಾ?" ಎಂದರು.

ನಾಲ್ಕು ಭಾನುವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಕ್ಲಿಪ್ಪು ತೆಗೆದೆ. ಮೊದಲ ಸಾಲು ಹಾಡಿದಾಗ ನನಗೇ ಗಾಬರಿ, ಇಷ್ಟು ದಪ್ಪ ದನಿ ಎಲ್ಲಿಂದ ಬಂತು ಎಂದು. ಎರಡನೆಯ ಸಾಲಿಗೆ ನಗು ಬಂತು. ಚರಣ ಬಂತು, ಹೋಯಿತು, ಗಂಟಲಿಗೆ ಗೊತ್ತೇ ಆಗಲಿಲ್ಲ. ಅತ್ತೆ ಸೂಜಿಯನ್ನು ಹಾಸಿಗೆಗೆ ಚುಚ್ಚಿಟ್ಟು, ಮೇಡಂ ಕೈಯಾಡಿಸಿ ಸನ್ನೆ ಮಾಡುತ್ತಿದ್ದರೂ ಕೇಳದೆ, ಗಟ್ಟಿಯಾಗಿ ಹೇಳಿದರು: "ಇಷ್ಟು ದಿನ ನಿನ್ನ ಗಂಟಲಲ್ಲಿ ಯಾರೋ ಬಾಡಿಗೆಗಿದ್ರು ಕಣೇ. ಈಗ ಮನೆಯೋಳು ಬಂದ್ಲು." ಆ ಮಾತೂ ರೆಕಾರ್ಡ್ ಆಗಿದೆ. ಮೂರನೆಯ ಹಾಡಿನ ಕೊನೆಯಲ್ಲಿ ಅದನ್ನು ಹಾಗೇ ಬಿಟ್ಟಿದ್ದೇವೆ. ಅತ್ತೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ "ನಾನೂ ಒಂದು ಹಾಡಿನಲ್ಲಿದ್ದೀನಿ" ಎನ್ನುತ್ತಿದ್ದಾರಂತೆ.

ಆಮೇಲಿನ ಭಾನುವಾರಗಳನ್ನು ಹೇಗೆ ಹೇಳಲಿ. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣಿಗೆ ಗಾಜು ಕೂರಿಸುತ್ತಾ ಭಾನುವಾರಕ್ಕೆ ಕಾಯುತ್ತಿದ್ದೆ. ಎಂಟು ಹಾಡು ಮುಗಿದವು. ಒಂಬತ್ತನೆಯದು ನಮ್ಮ ಏಣಿಯ ಹಾಡು, ನಾನು ಬರೆದ ಮೊಟ್ಟಮೊದಲನೆಯದು, ಜನ ನಿನ್ನನ್ನು ಬೀದಿಯಲ್ಲಿ ನಿಲ್ಲಿಸಿ ಹಾಡಿಸುವಂಥದ್ದು. ಅದಿಲ್ಲದೆ ಆಲ್ಬಮ್ ಮಾಡಲು ಮನಸ್ಸು ಒಪ್ಪಲಿಲ್ಲ. ಆದರೆ ಅದು ಬ್ಯಾಂಡಿನ ಸೊತ್ತು, ನಾಲ್ವರೂ ಸಹಿ ಹಾಕಬೇಕು. ಸಿಡಿಲು ಡ್ರಮ್ಮಿನ ಮೇಲೆ ಕಾಗದವಿಟ್ಟು ಸಹಿ ಹಾಕಿದ. ಡಾಕ್ಟರು ಒಬ್ಬರ ಬಾಯಲ್ಲಿ ಹತ್ತಿ ತುರುಕಿ ಬಂದು ಸಹಿ ಹಾಕಿದರು. ನಿನಗೆ ಕಾಗದದ ಜೊತೆ ನನ್ನ ದನಿಯಲ್ಲಿ ಆ ಹಾಡನ್ನೂ ಕಳಿಸಿದೆ. ಮೂರು ವಾರ ಉತ್ತರವಿಲ್ಲ. ಸೇಡು ತೀರಿಸಿಕೊಳ್ಳುತ್ತಿದ್ದೀಯ ಎಂದು ಅತ್ತೆಯ ಮುಂದೆ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ತಪ್ಪಾಯಿತು. ಬೈಗುಳದಲ್ಲಿ ಅರ್ಧ ವಾಪಸ್ ತೆಗೆದುಕೊಂಡಿದ್ದೇನೆ.

ಶನಿವಾರ ಹನ್ನೊಂದು ಗಂಟೆಗೆ ನೀನು ಬಾಗಿಲು ತಳ್ಳಿಕೊಂಡು ಬಂದೆ. ನಮ್ಮ ಅಂಗಡಿಯ ಯಜಮಾನರು ಎದುರಿಗಿದ್ದರು, ನಾನು ಅಪರಿಚಿತಳ ಹಾಗೆ "ಕೂತ್ಕೊಳ್ಳಿ, ಏನು ತೊಂದರೆ?" ಎಂದೆ. ನೀನೂ ಕಮ್ಮಿಯಿಲ್ಲ, "ಹತ್ತಿರದ್ದು ಕಾಣಲ್ಲ ಮೇಡಂ" ಎಂದು ಜೇಬಿನಿಂದ ಆ ಕಾಗದವನ್ನೇ ಹೊರತೆಗೆದೆ. "ಇದನ್ನ ಓದಕ್ಕೇ ಆಗ್ತಿಲ್ಲ. ಮೂರು ವಾರದಿಂದ ನೋಡ್ತಿದೀನಿ, ಎಲ್ಲಾ ಇರುವೆ ಸಾಲು." ಬೇರೆಯವರ ಕೈಲಿ ಓದಿಸಿದರೆ ವಯಸ್ಸಾಯಿತು ಎಂದುಕೊಳ್ಳುತ್ತಾರೆ ಎಂಬ ನಾಚಿಕೆ. ನಲವತ್ತೆರಡಕ್ಕೆ ಚಾಳೀಸು ಬರದೆ ಇನ್ನೇನು ಹಾಲುಹಲ್ಲು ಬರುತ್ತದೆಯೇ ಮಾರಾಯ? ಪರೀಕ್ಷೆಯ ಫ್ರೇಮನ್ನು ನಿನ್ನ ಮೂಗಿನ ಮೇಲೆ ಕೂರಿಸಿ ಒಂದೊಂದೇ ಗಾಜು ಬದಲಿಸಿದೆ. ಒಂದೂವರೆ ಪವರಿನ ಗಾಜಿಗೆ ಬಂದಾಗ ನಿನಗೆ ಅಕ್ಷರ ಸಿಕ್ಕವು. ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅದೇ ಫ್ರೇಮಿನಲ್ಲಿ, ಅದೇ ಕುರ್ಚಿಯಲ್ಲಿ ಸಹಿ ಹಾಕಿದೆ.

ಆಮೇಲೆ ನೀನು ಮೆಲ್ಲಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಆ ಹಾಡು ಮೊದಲು ನೀನು ಹಾಡಿದ್ದು ಹಿಂಗೇ. ಅಡುಗೆಮನೇಲಿ, ಕಟ್ಟೆ ಮೇಲೆ ಕೂತ್ಕೊಂಡು. ನನಗೆ ಅಷ್ಟು ಕೆಳಗೆ ದನಿ ಬರಲ್ಲ ಅಂತ ಆ ಕ್ಲಿಪ್ಪು ತಂದು ಹಾಕಿದ್ದು ನಾನೇ. ನಿನ್ನ ಯಾಕೆ ಕೇಳ್ಲಿಲ್ಲ ಅಂತ ಈಗ ಅನ್ನಿಸ್ತಿದೆ." ನನಗೆ ಆ ಅಡುಗೆಮನೆ ಮರೆತೇಹೋಗಿತ್ತು, ಅಣ್ಣ. ನಿನಗೆ ನೆನಪಿತ್ತು. ನೀನು ಹೇಳದೆಯೂ ಇರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಗಾಜಿನ ಪೆಟ್ಟಿಗೆ ಮುಚ್ಚುವ ನೆಪದಲ್ಲಿ ಆ ಕಡೆ ತಿರುಗಿದೆನಲ್ಲ, ಅಳುತ್ತಿದ್ದೆ.

ಒಂದು ಮಾತು ನಾನೂ ಹೇಳಬೇಕು. ನೀನು ಆ ಹಾಡನ್ನು ಮೇಲೆತ್ತದಿದ್ದರೆ ಅದು ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಇಪ್ಪತ್ತು ವರ್ಷದ ನನಗೆ ನಾಲ್ಕು ಜನರ ಮುಂದೆ ಬಾಯಿ ತೆರೆಯುವ ಧೈರ್ಯ ಎಲ್ಲಿತ್ತು? ನನ್ನ ಸಾಲುಗಳನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿದವನು ನೀನು. ಅದಕ್ಕೆ ನಿನಗೆ ಕೈಮುಗಿಯುತ್ತೇನೆ, ತಮಾಷೆಗಲ್ಲ.

ಈಗ ನಿನ್ನ ಪ್ರಶ್ನೆ. ಇಲ್ಲ ಅಣ್ಣ, ನಾನು ವಾಪಸ್ ಬರುವುದಿಲ್ಲ. ಕೋಪಕ್ಕೆ ಎಂದುಕೊಳ್ಳಬೇಡ. ಕೋಪ ಉಳಿದಿದ್ದರೆ ಬಂದೇಬಿಡುತ್ತಿದ್ದೆ, ದಿನಾ ನಿನ್ನ ಜೊತೆ ಜಗಳ ಕಾಯಲಿಕ್ಕಾದರೂ. ಏನು ಮಾಡಲಿ, ಇಲ್ಲಿ ನನಗೆ ವಿಪರೀತ ಸಂತೋಷವಾಗಿಬಿಟ್ಟಿದೆ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಹಾಡುತ್ತೇನೆ, ಪಕ್ಕದ ಮನೆಯವರು ಗೋಡೆ ಬಡಿದರೂ ನಿಲ್ಲಿಸುವುದಿಲ್ಲ. ಮೂವತ್ತೆರಡು ವರ್ಷಕ್ಕೆ ಸಿಕ್ಕ ದನಿ ಇದು. ಇದರ ಜೊತೆ ಇನ್ನೂ ಸ್ವಲ್ಪ ದಿನ ಒಬ್ಬಳೇ ಇರಬೇಕು ನಾನು.

ಬರುವ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅತ್ತೆಯ ಗೋದಾಮಿನಲ್ಲಿ ಒಂಬತ್ತೂ ಹಾಡು ಹಾಡುತ್ತೇನೆ. ಕುರ್ಚಿಯಿಲ್ಲ, ಎಲ್ಲರಿಗೂ ಹಾಸಿಗೆಯೇ. ನಿದ್ದೆ ಮಾಡಿದರೆ ಅತ್ತೆ ಸೂಜಿ ಚುಚ್ಚುತ್ತಾರೆ. ಹನ್ನೊಂದು ವರ್ಷ ನಾನು ನಿನ್ನ ಹಾಡು ಕೇಳಿದೆ. ನೀನು ಒಂದು ದಿನವೂ ನನ್ನದನ್ನು ಕೂತು ಕೇಳಿಲ್ಲ. ಬಾ ಅಣ್ಣ, ಕೈ ಕಟ್ಟಿಕೊಂಡು ಎದುರಿಗೆ ಕೂತು ಕೇಳು.

ನಿನ್ನ ಗಂಟಲು ತಣ್ಣಗಿರಲಿ, ಕಣ್ಣು ನಿಚ್ಚಳವಾಗಿರಲಿ.

ಇಷ್ಟೂ ದಿನ ನಿನ್ನ ನೆನಪಿನಲ್ಲೇ ಇದ್ದ
ತಂಗಿ