ಗ್ವೆನ್ಲಿಯನ್ ಮುತ್ತಜ್ಜಿಗೆ, ತೊಟ್ಟಿಲುಬಂಡಿ ಬರುವ ಮುನ್ನ

ಬೆಳಗಿನ ಜಾವ ಮೂರೂ ಹತ್ತು
2149ನೆಯ ಇಸವಿ, ಹದಿಮೂರನೆಯ ತಿಂಗಳು, ಧಾರವಾಡ

ಗ್ವೆನ್ಲಿಯನ್ ಮುತ್ತಜ್ಜಿಯವರಿಗೆ ನಮಸ್ಕಾರಗಳು.

ಚಕ್ರ ಕಿರುಗುಟ್ಟಿದ ಸದ್ದಿಗೆ ಎಚ್ಚರವಾಯಿತು. ಓಣಿಯ ತುದಿಗೆ ತೊಟ್ಟಿಲುಬಂಡಿ ತಂದು ನಿಲ್ಲಿಸಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಇಪ್ಪತ್ತೆಂಟು ದಿನಕ್ಕೊಂದರಂತೆ ನಮಗೀಗ ವರ್ಷಕ್ಕೆ ಹದಿಮೂರು ತಿಂಗಳು. ನಾನು ನೀಲಾಂಬಿಕಾ, ನಿಮ್ಮ ಮೊಮ್ಮಗನ ಮೊಮ್ಮಗನ ಹೆಂಡತಿ, ಕಾಲೇಜಿನಲ್ಲಿ ಇತಿಹಾಸ ಓದಿದವಳು. ನೀವು ವೇಲ್ಸ್‌ನಿಂದ ಈ ಮನೆಗೆ ಸೊಸೆಯಾಗಿ ಬಂದು, ಕನ್ನಡ ಕಲಿತು ಬರೆದಿಟ್ಟ ಅಡುಗೆಯ ನೋಟ್‌ಬುಕ್ ನನ್ನ ಬಳಿಯಿದೆ. ಆ ಧೈರ್ಯದಿಂದಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಕಾಲದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸಂಭ್ರಮವಾಗಿತ್ತು. ಕರಾವಳಿ ಮುಳುಗಿ, ಯಾವ ಮಗು ಯಾರದೆಂದು ತಿಳಿಯದಷ್ಟು ಜನ ಘಟ್ಟ ಹತ್ತಿ ಬಂದ ಮೇಲೆ ಅದೇ ಕಾನೂನಾಯಿತು. ಹನ್ನೆರಡನೆಯ ದಿನ ಸೂರ್ಯ ಹುಟ್ಟುವುದರೊಳಗೆ ತಂದೆಯ ಮನೆತನದ ಹೆಂಗಸೊಬ್ಬಳ ದನಿ ಹೆಸರು ಹೇಳದಿದ್ದರೆ ಕೂಸನ್ನು ಆ ಬಂಡಿಯಲ್ಲಿ ಸರ್ಕಾರದ ತೊಟ್ಟಿಲುಮನೆಗೆ ಒಯ್ಯುತ್ತಾರೆ. ಅಲ್ಲಿ ಮಕ್ಕಳಿಗೆ ಹೆಸರಿಲ್ಲ, ತಾಯಂದಿರಿಗೆ ಪ್ರವೇಶವಿಲ್ಲ. ನನ್ನ ಗಂಡ ಕಾರವಾರದ ಕಡಲಗೋಡೆ ಕಟ್ಟುವಾಗ ತೀರಿಕೊಂಡರು. ಅವರ ಕಡೆ ಹೆಂಗಸರು ಯಾರೂ ಉಳಿದಿಲ್ಲ. ಇಂದು ಹನ್ನೆರಡನೆಯ ದಿನ.

ಮಗಳಿಗೆ ನಿಮ್ಮ ಹೆಸರೇ ಆಗಬೇಕೆಂದು ಅವರು ಹೇಳಿ ಹೋಗಿದ್ದರು. ಸೂಲಗಿತ್ತಿ ಬಾಳವ್ವ ಕೇಳಿ ನಕ್ಕಿದ್ದಳು: "ಇಷ್ಟುದ್ದದ ಹೆಸರು ಕರಿಯೂದ್ರಾಗ ಹಂಚಿನ್ಯಾಗಿನ ರೊಟ್ಟಿ ಸೀದು ಹೋಕ್ಕೈತಿ!" ಆಗ ನಿಮ್ಮ ವೇಲ್ಸ್‌ನಲ್ಲಿ ಹಿಂದೆ ಆ ಹೆಸರು ಹೊತ್ತಿದ್ದ ಇಬ್ಬರ ಕಥೆ ಹೇಳಿದೆ. ಹೇಳಬಾರದಿತ್ತು. ಒಬ್ಬಾಕೆ, ಗಂಡ ಊರಲ್ಲಿಲ್ಲದಾಗ ತಾನೇ ದಂಡು ಕಟ್ಟಿಕೊಂಡು ಹೋದ ರಾಣಿ. 1136ರಲ್ಲಿ ಅವಳ ತಲೆ ಕಡಿದರು. ಅವಳು ಕಾದಾಡಿದ ಬಯಲಿಗೆ ಇಂದಿಗೂ ಅವಳದೇ ಹೆಸರು. ಇನ್ನೊಬ್ಬಾಕೆ 1282ರಲ್ಲಿ ಹುಟ್ಟಿದ ಅರಸುಮನೆತನದ ಕೂಸು. ತಾಯಿ ಹೆರಿಗೆಯಲ್ಲೇ ಹೋದಳು, ತಂದೆಯನ್ನು ಅದೇ ವರ್ಷ ಕೊಂದರು. ವೈರಿಗಳು ಕೂಸನ್ನು ಹೊತ್ತೊಯ್ದು ದೂರದ ಸನ್ಯಾಸಿನಿಯರ ಮಠದಲ್ಲಿಟ್ಟರು. ಐವತ್ನಾಲ್ಕು ವರ್ಷ ಅಲ್ಲೇ ಇದ್ದು ಸತ್ತಳು. ಅವಳ ಹೆಸರನ್ನು ನಿಮ್ಮ ಕಾಲದಲ್ಲಿ ಒಂದು ಬೆಟ್ಟಕ್ಕಿಟ್ಟರಂತೆ. ನನ್ನ ಮಗಳಿಗೆ ಬೆಟ್ಟ ಬೇಡ ಮುತ್ತಜ್ಜಿ, ನನ್ನ ಮಡಿಲು ಸಾಕು.

ಬಾಳವ್ವನ ನಗು ಅಲ್ಲಿಗೇ ನಿಂತಿತು. "ಒಬ್ಬಾಕೀನ ಕಡದ್ರು, ಒಬ್ಬಾಕೀನ ಹೊತ್ತೊಯ್ದ್ರು. ಬ್ಯಾರೆ ಹೆಸರ ಹುಡುಕ, ನನ್ನವ್ವಾ." ಅಂದಿನಿಂದ ಕಣ್ಣಿಗೆ ಸರಿಯಾಗಿ ನಿದ್ದೆ ಹತ್ತಿಲ್ಲ. ಹೆಸರೇ ಬಂಡಿಯನ್ನು ಕರೆಯಿತೋ ಏನೋ ಎಂದು ಮತ್ತೆ ಮತ್ತೆ ಅನಿಸುತ್ತದೆ. ಆಗೆಲ್ಲ ನಿಮ್ಮನ್ನು ನೆನೆಯುತ್ತೇನೆ. ಅದೇ ಹೆಸರು ಹೊತ್ತು ನೀವು ಎಷ್ಟು ಕಾಲ ಬಾಳುವಿರೆಂದು ನಾನು ಹೇಳಕೂಡದು; ಹೆದರಬೇಡಿ, ಬಹಳ ಕಾಲ.

ಈ ಪತ್ರ ತರುವುದು ಹಿನ್ನಂಚೆ, ಹಿಂದಿನ ಕಾಲಕ್ಕೆ ಹೋಗುವ ಅಂಚೆ. ನಮ್ಮಿಂದ ಕಾಗದ ಹೋಗುತ್ತದೆ, ನಿಮ್ಮಿಂದ ದನಿಯಷ್ಟೇ ಬರುತ್ತದೆ. ಎರಡೂ ಕಡೆಯ ರಾತ್ರಿಗಳು ಜೊತೆಯಲ್ಲೇ ಸಾಗುತ್ತವಂತೆ; ನಮಗೆ ಬೆಳಗಾದಾಗಲೇ ನಿಮಗೂ ಬೆಳಗು. ಲಕೋಟೆಯ ಮೇಲೆ ನಂಬರಿದೆ. ನೀವೂ ಈ ಮನೆತನದ ಹೆಂಗಸು, ಕಾನೂನು ನಿಮ್ಮ ದನಿಯನ್ನು ಒಪ್ಪುತ್ತದೆ. ಹೆಚ್ಚೇನೂ ಬೇಡ, ನಿಮ್ಮ ಹೆಸರನ್ನೇ ಮೂರು ಸಲ ಹೇಳಿ. ಫೋನನ್ನು ಕೂಸಿನ ಕಿವಿಗೆ ಹಿಡಿದು ಕೂತಿರುತ್ತೇನೆ.

ಚಕ್ರ ಮತ್ತೆ ಕಿರುಗುಟ್ಟಿತು, ಈ ಸಲ ಹತ್ತಿರದಲ್ಲಿ. ಮಲಗಿದ್ದರೆ ಎದ್ದೇಳಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಬೆಳಕು ಹರಿಯುವ ಮೊದಲು ಫೋನ್ ಮಾಡಿ, ಮುತ್ತಜ್ಜಿ.