ಒಂಬತ್ತನೆಯ ಸಾಲಿನ ಕಬ್ಬು

ಬಾಗೂರು, ಚನ್ನರಾಯಪಟ್ಟಣ ತಾಲ್ಲೂಕು
5 ನವೆಂಬರ್ 2025, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗಳು ಆಶಾರಾಣಿಗೆ,

ಅಲ್ಲ ಕಣಮ್ಮ, ನಮ್ಮ ಹೊಲದ ನಾಲ್ಕನೇ ಸಾಲಿನ ಕಬ್ಬನ್ನೇ ಈ ಸಲ ಹೊಸ ತಳಿಗೆ ತಾಯಿಗಿಡ ಮಾಡಿಕೊಳ್ಳುತ್ತೇನೆ ಎಂದು ನಿನ್ನೆ ಫೋನಿನಲ್ಲಿ ಅಂದೆಯಲ್ಲ, ಆಗ ನಾನು ಮಾತಾಡಲಿಲ್ಲ. ಸಿಗ್ನಲ್ ಹೋಯಿತೆಂದು ನೀನು ಇಟ್ಟುಬಿಟ್ಟೆ. ಸಿಗ್ನಲ್ ಇತ್ತು.

ಅದಿರಲಿ, ಮೊದಲು ನಿನ್ನ ಆರೋಗ್ಯ ಹೇಳು. ಆ ತಮಿಳು ಸೀಮೆಯ ನೀರು ಒಗ್ಗಿತೆ? ಕೆಮ್ಮು ನಿಂತಿತೆ? ರಾತ್ರಿ ಮೊಸರು ತಿನ್ನಬೇಡ ಎಂದರೆ ನಿಮ್ಮಮ್ಮನ ಹಾಗೆ ನೀನೂ ಕೇಳುವವಳಲ್ಲ. ಪುಟ್ಟತಾಯಿ ಹೋಗಿ ನಾಲ್ಕು ವರ್ಷವಾದರೂ ಮೊಸರಿನ ಗಡಿಗೆ ನೋಡಿದರೆ ನನಗೆ ಅವಳ ಮೇಲೆ ಕೋಪ ಬರುತ್ತದೆ. ನಾನು ಚೆನ್ನಾಗಿದ್ದೇನೆ. ಮೇಲಿನ ಹಲ್ಲು ಮೂರು ಉಳಿದಿವೆ. ಕಣ್ಣು ಚೆನ್ನಾಗಿದೆ, ಹೋದ ವರ್ಷವೂ ಚೆನ್ನಾಗಿತ್ತು. ಈ ಒಂದು ಮಾತನ್ನು ನೆನಪಿಟ್ಟುಕೊ, ಮುಂದೆ ಬೇಕಾಗುತ್ತದೆ.

ನಾನು ಹಾಸನದಲ್ಲಿ ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಿಟ್ಟವನು. ಬಾಟನಿಯ ಪಂಚಾಕ್ಷರಯ್ಯ ಮೇಷ್ಟ್ರು ಬೋರ್ಡಿನ ಮೇಲೆ ಬಟಾಣಿ ಬರೆದು 'ಡಾಮಿನೆಂಟ್, ರಿಸೆಸಿವ್, ಥ್ರೀ ಈಸ್ ಟು ಒನ್' ಎನ್ನುತ್ತಿದ್ದುದಷ್ಟೇ ನೆನಪು. ಆಮೇಲಿನ ಪಾಠ ಬರುವಷ್ಟರಲ್ಲಿ ನಮ್ಮಪ್ಪ ಬೆಲ್ಲದ ಆಲೆಮನೆ ನೋಡಿಕೊ ಬಾ ಎಂದು ಕರೆಸಿಕೊಂಡ. ಕಬ್ಬು ಬಟಾಣಿಯಂತಲ್ಲ ಎಂದು ನನಗೆ ಹೇಳಿಕೊಟ್ಟವಳು ನೀನು, ಬದುವಿನ ಮೇಲೆ ಕೂತು, ಕೈಯಲ್ಲಿ ಮಂಡಕ್ಕಿ ಇಟ್ಟುಕೊಂಡು. ಅದಕ್ಕೆ ನೂರಕ್ಕೂ ಹೆಚ್ಚು ಕ್ರೋಮೋಸೋಮು, ಸಿಹಿ ಒಂದು ಜೀನಿನಲ್ಲಿಲ್ಲ, ಎಷ್ಟೋ ಜೀನುಗಳು ಚೂರು ಚೂರು ಸೇರಿಸಿದ್ದು ಅಂದೆ. ಸಿಹಿ ಏರಿದರೆ ನಾರು ಇಳಿಯುತ್ತದೆ ಅಂದೆ. 'ಇನ್ವರ್ಸ್‌ಲೀ ಪ್ರಪೋರ್ಷನಲ್' ಎಂದು ನಾನು ಜಂಬದಿಂದ ಸೇರಿಸಿದೆ. 'ಬಹಳ ಸಲ ಹಂಗೆ, ಯಾವಾಗ್ಲೂ ಅಲ್ಲ ಅಪ್ಪಾ' ಎಂದೆ ನೀನು. ಆ 'ಯಾವಾಗ್ಲೂ ಅಲ್ಲ' ಎನ್ನುವುದನ್ನು ಹುಡುಕಲು ನಿನಗೆ ಆರು ವರ್ಷ ಹಿಡಿಯಿತು. ಒಂದೇ ತಾಯಿಯ ಬೀಜದಿಂದ ನಾಲ್ಕು ಸಾವಿರ ಸಸಿ, ಒಂದರಂತೆ ಇನ್ನೊಂದಿಲ್ಲ. ಕೊನೆಗೆ ಉಳಿದ ಹನ್ನೆರಡು ನಮ್ಮ ಹೊಲಕ್ಕೆ ಬಂದವು, ಹನ್ನೆರಡು ಸಾಲು. ಸಿಹಿಯೂ ಇದ್ದು ಗಾಳಿಗೆ ಬೀಳದಷ್ಟು ನಾರೂ ಇದ್ದದ್ದು ಒಂಬತ್ತನೆಯ ಸಾಲು. ನೀನು ಎಸೆಯಹೊರಟಿದ್ದ ಆ ಸಸಿಯನ್ನು ಬೇಡ, ಇರಲಿ ಎಂದು ಉಳಿಸಿದವನು ನಿನ್ನ ಹೊಲದ ಕೆಲಸ ನೋಡುತ್ತಿದ್ದ ಕನಕರಾಜು.

ಅವನ ಹೆಸರು ಬರೆದರೆ ನೀನು ಕಾಗದ ಹರಿಯುತ್ತೀಯ ಎಂದು ಗೊತ್ತು. ಹರಿಯಬೇಡ. ಅವನ ಅಪ್ಪ ಚಿಕ್ಕಬೀರಯ್ಯ ಮೂವತ್ತು ವರ್ಷ ರುದ್ರಪಟ್ಟಣದ ಪಕ್ಕದಿಂದ ಬಂದು ನಮ್ಮ ಆಲೆಮನೆಯಲ್ಲಿ ಪಾಕ ಇಳಿಸಿದವನು. ಮಗನನ್ನೇ ಮದುವೆಯಾಗುತ್ತೇನೆ ಎಂದು ನೀನು ನನ್ನ ಮುಂದೆ ನಿಂತು ಹೇಳಿದಾಗ ನಾನು ಕೂಗಾಡಲಿಲ್ಲ. ಆಗಲಿ, ಮೊದಲು ನಿಮ್ಮ ಕಬ್ಬು ಬಿಡುಗಡೆಯಾಗಲಿ, ಅವನಿಗೆ ಕೆಲಸ ಕಾಯಂ ಆಗಲಿ ಎಂದೆ. ಅಪ್ಪ ಎಷ್ಟು ಮೆತ್ತಗಾದರು ಎಂದು ನೀನು ನಿನ್ನ ಗೆಳತಿ ಸಿಂಧುವಿಗೆ ಫೋನು ಮಾಡಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ಮೆತ್ತಗಿನ ಕಬ್ಬನ್ನು ನೀನು ಯಾವತ್ತೂ ಸರಿಯಾಗಿ ಓದಲಿಲ್ಲ ಮಗಳೇ.

ಹೋದ ವರ್ಷ ಗಣೇಶನ ಹಬ್ಬದ ಮಾರನೆಯ ದಿನ ನೆನಪಿದೆಯೆ? ಆಲೆಮನೆ ತುಂಬ ಜನ. ಅಗಿದು ಇಂಥವರ ಹೊಲದ ಕಬ್ಬು ಎಂದು ಹೇಳುವವನು ಈ ಸುತ್ತಿನಲ್ಲಿ ನಾನೊಬ್ಬನೇ. ನೀನೇ ತಮಾಷೆಗೆ ನನ್ನ ಕಣ್ಣಿಗೆ ಟವಲು ಕಟ್ಟಿ ನಾಲ್ಕನೆಯದೊಂದು, ಒಂಬತ್ತನೆಯದೊಂದು ತುಂಡು ಬಾಯಿಗಿಟ್ಟೆ. ಮೊದಲಿಟ್ಟ ನಾಲ್ಕನೆಯದೇ ಸಿಹಿ ಎಂದೆ ನಾನು. ಕನಕರಾಜು ಆ ಬ್ರಿಕ್ಸ್ ನೋಡುವ ಕೊಳವೆ ತೆಗೆದ. ನಮ್ಮವರು ದುರ್ಬೀನು ಎನ್ನುತ್ತಾರಲ್ಲ, ಗಾಜಿನ ಮೇಲೆ ಒಂದು ತೊಟ್ಟು ಕಬ್ಬಿನ ಹಾಲು ಬಿಟ್ಟು ಬೆಳಕಿಗೆ ಹಿಡಿದರೆ ಸಿಹಿಯ ಗೆರೆ ಕಾಣುವುದು, ಅದು. ನಾಲ್ಕರದು ಹದಿನೇಳು, ಒಂಬತ್ತರದು ಇಪ್ಪತ್ತು. 'ತಪ್ಪು ನಿಮ್ದಲ್ಲ ಗೌಡ್ರೇ' ಎಂದ ಅವನು, 'ನಾರು ಕಮ್ಮಿ ಇರೋ ಕಬ್ಬು ಬಾಯ್ಗಿಟ್ಟೇಟ್ಗೆ ಹಾಲು ಬಿಟ್ಬುಡ್ತದೆ, ನಾಲ್ಗೆ ನಂಬ್ಬುಡ್ತದೆ. ನಾರಿರೋದು ಬಿಗಿಯಾಗಿ ಇಡ್ಕಂಡಿರ್ತದೆ.' ಸಮಾಧಾನ ಹೇಳುವ ದನಿ ಅದು. ಬೈದಿದ್ದರೆ ತಡೆಯುತ್ತಿದ್ದೆ.

ಸಿಹಿ ಕಬ್ಬಿಗೆ ನಿಮ್ಮ ಪುಸ್ತಕದಲ್ಲಿ ನೋಬಲ್ ಎನ್ನುತ್ತಾರೆ, ನಾರಿನದು ಕಾಡುಕಬ್ಬು, ಅದನ್ನು ನೋಬಲ್ ಜೊತೆ ಮತ್ತೆ ಮತ್ತೆ ಕೂಡಿಸಿ ತಿದ್ದುತ್ತಾರೆ, ಅದೇ ಬ್ಯಾಕ್‌ಕ್ರಾಸ್ ಎಂದು ನೀನೇ ಹೇಳಿದ್ದೆಯಲ್ಲ, ನಾನು ಅದನ್ನೇ ಹಿಡಿದೆ. 'ನೀನೂ ಕಾಡುಕಬ್ಬು ಕಣ್ಲಾ. ಮೂರು ತಲೆಮಾರು ಬ್ಯಾಕ್‌ಕ್ರಾಸ್ ಆಗ್ಲಿ, ಆಮ್ಯಾಕೆ ಬಾ, ನಮ್ಮನೆ ಜಗಲಿ ಮ್ಯಾಲೆ ಕೂರುಸ್ಕತೀನಿ' ಎಂದೆ. ಅವನು ತಲೆ ಎತ್ತದೆ ಗಾಜು ಒರೆಸುತ್ತ, 'ಅಷ್ಟೊತ್ಗೆ ನಿಮ್ಮ ನೋಬಲ್ಲು ಗಾಳಿಗೆ ಮಲಗ್ಬುಟ್ಟಿರ್ತದಲ್ಲ ಗೌಡ್ರೇ, ಎತ್ತಿ ಕಟ್ಟಕ್ಕೆ ನಾನೇ ಬರ್ಬೇಕು' ಎಂದ. ಆಲೆಮನೆಯೆಲ್ಲ ನಕ್ಕಿತು. ಅವರು ನಗಲಿ, ನನ್ನ ಕೂಲಿಯವರು, ಸಂಜೆಗೆ ಮರೆಯುತ್ತಾರೆ. ನೀನೂ ನಕ್ಕೆ.

ಅದಾಗಿ ತಿಂಗಳಿಗೆ ಕೊಪ್ಪರಿಗೆಯ ಪಾಕ ಚಿಕ್ಕಬೀರಯ್ಯನ ಕಾಲಿನ ಮೇಲೆ ಚೆಲ್ಲಿತು. ಮೊಣಕಾಲಿನ ತನಕ ಚರ್ಮ ಎದ್ದು ಬಂತು. ಕನಕರಾಜು ಅಪ್ಪನನ್ನು ಹಾಸನದ ಆಸ್ಪತ್ರೆಗೆ ಸೇರಿಸಿ ಅಲ್ಲೇ ಉಳಿದ. ಪ್ರತಿ ಸೋಮವಾರ ಅಂಕಿ ಬರೆಯುವ ಕೆಲಸವನ್ನು ನೀನು ನನಗೆ ಒಪ್ಪಿಸಿದೆ. ಹೊಳೆನರಸೀಪುರದ ನಿಮ್ಮ ಇನ್ನೊಂದು ಪ್ರಯೋಗದ ತಾಕು ನೀರು ನಿಂತು ಕೊಳೆತುಹೋಗಿತ್ತು, ಆ ವರ್ಷ ನಿನಗೆ ಉಳಿದದ್ದು ನಮ್ಮ ಹೊಲದ ಅಂಕಿ ಮಾತ್ರ. ಹನ್ನೊಂದು ಸೋಮವಾರ ನಾನು ಬೆಳಕಿಗೆ ಹಿಡಿದು ನೋಡಿದೆ, ಕಣ್ಣು ಚೆನ್ನಾಗಿತ್ತು. ಒಂಬತ್ತರಲ್ಲಿ ಇಪ್ಪತ್ತೆರಡು ಕಂಡರೆ ಹದಿನೆಂಟು ಬರೆದೆ. ನಾಲ್ಕರಲ್ಲಿ ಹದಿನೆಂಟು ಕಂಡರೆ ಇಪ್ಪತ್ತೊಂದೂವರೆ ಬರೆದೆ. ಅಕ್ಷರ ಮುದ್ದಾಗಿ ಬರೆದೆ. ಉಳಿದ ಹತ್ತು ಸಾಲಿನದು ಕಂಡದ್ದು ಕಂಡ ಹಾಗೆ, ಹಾಗಿದ್ದರೇ ನಂಬುತ್ತಾರೆ.

ಆಮೇಲಿನದು ನಿನಗೆ ಗೊತ್ತು. ಅವನು ಮೊದಲು ಬರೆದ ಅಂಕಿಗೂ ನನ್ನದಕ್ಕೂ ತಾಳೆಯಾಗಲಿಲ್ಲ. ತಾನು ಉಳಿಸಿದ ಕಬ್ಬಿಗೆ ಅವನೇ ಅಂಕಿ ಏರಿಸಿದ್ದಾನೆ ಎಂದರು ನಿಮ್ಮ ಆಫೀಸಿನವರು. 'ನಮ್ಮಪ್ಪ ಒರಟ ಇರ್ಬೋದು, ಸುಳ್ಳು ಬರೆಯೋರಲ್ಲ' ಎಂದು ನೀನು ಎಲ್ಲರ ಮುಂದೆ ಹೇಳಿ ಅವನನ್ನು ತೆಗೆಯುವ ಕಾಗದಕ್ಕೆ ರುಜು ಹಾಕಿದೆ. ಮದುವೆಯ ಮಾತೂ ಅಲ್ಲಿಗೆ ನಿಂತಿತು. ಒಂಬತ್ತನ್ನು ಬುಡಸಮೇತ ಕೀಳಿಸಿ ಎಂದು ನೀನು ಹೇಳಿದೆ, ಮತ್ತೆ ಚಿಗುರುವ ಕೂಳೆಯನ್ನೂ ಬಿಡದೆ ನಾನು ಕೀಳಿಸಿದೆ. ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡ. ಅಷ್ಟು ಓದಿದವಳು, ಕೀಳಿಸುವ ಮೊದಲು ಒಂದು ಸಲ ಬಂದು ನೀನೇ ಆ ಗಾಜಿಗೆ ಕಣ್ಣಿಡಬಹುದಿತ್ತು. ಬರಲಿಲ್ಲ. ನನ್ನ ತಪ್ಪಿನಲ್ಲಿ ಆ ಪಾಲು ನಿನ್ನದು, ಅದನ್ನು ನಾನು ಹೊರುವುದಿಲ್ಲ.

ಯಾರಿಗೂ ಗೊತ್ತಿಲ್ಲ ಎಂದೇ ತಿಳಿದಿದ್ದೆ. ಹದಿನೈದು ದಿನದ ಹಿಂದೆ ಅವನ ತಾಯಿ ಬೆಳ್ಳಮ್ಮ ಬಂದಿದ್ದಳು. ಯಾಕೆ ಬಂದಳು ಎನ್ನುವುದು ಹಾಗಿರಲಿ. ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು, ಹೊಸಿಲ ಹತ್ತಿರ ನಿಂತು ಹೇಳಿದಳು: 'ನಮ್ಮ ಉಡ್ಗ ಆವತ್ತು ಆಸ್ಪತ್ರೆಗೆ ಬಟ್ಟೆ ತಗಂಡೋಗಕ್ಕೆ ಬಂದಿದ್ನಲ್ಲ ಗೌಡ್ರೇ, ನೀವು ಬರ್ದಿಟ್ಟು ಒಳೀಕೆ ಓದ್ರಂತೆ. ದುರ್ಬೀನ್‌ನಾಗೆ ಆಲು ಅಂಗೇ ಇತ್ತಂತೆ. ನೋಡುದ್ನಂತೆ. ಪುಸ್ತ್ಕಾನೂ ನೋಡುದ್ನಂತೆ.' ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. 'ನಿಮ್ಮ ಮಗಳು ನಮ್ಮಪ್ಪ ಸುಳ್ಳು ಬರ್ಯಲ್ಲ ಅಂದ್ಬುಟ್ಲಂತಲ್ಲ. ಆ ಮಗೀಗೆ ಇರೋನು ಅಪ್ಪ ಒಬ್ಬ, ಅದ್ನೂ ಯಾಕೆ ಕೆಡ್ಸಾನೆ, ಆಡ್ಬ್ಯಾಡ ಸುಮ್ಕಿರವ್ವ ಅಂದ.' ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಬೈಯಲೂ ಇಲ್ಲ ಕಣೆ. ನಾರು ಎಂದರೆ ಏನೆಂದು ಆವತ್ತು ತಿಳಿಯಿತು, ನನ್ನ ಬಾಟನಿ ಅಲ್ಲಿಗೆ ಪೂರ್ತಿಯಾಯಿತು.

ಅವನು ಹೋಗುವಾಗ ಒಂಬತ್ತರ ಒಂದಿಷ್ಟು ತುಂಡು ಒಯ್ದು ಬಚ್ಚಲ ನೀರಿಗೆ ನೆಟ್ಟಿದ್ದನಂತೆ. ಭಾನುವಾರ ಅವರೂರಿಗೆ ಹೋಗಿದ್ದೆ, ಕೇಳಿ ನಾಲ್ಕು ಜಲ್ಲೆ ತಂದೆ. ಗಣ್ಣಿನ ಕೆಳಗೆ ಬೂದಿ ಬಳಿದಂಥ ಪಟ್ಟಿ, ಅದೇ. ಇರುವ ಮೂರು ಹಲ್ಲಿನಲ್ಲಿ ಕಚ್ಚಲಾಗಲಿಲ್ಲ, ಗುದ್ದಿ ಹಿಂಡಿದೆ. ಈಗ ತಾನೇ ಕಾಗದ ಪಕ್ಕಕ್ಕಿಟ್ಟು ಬಾಗಿಲಿಗೆ ಹೋಗಿ ಗಾಜಿನಲ್ಲಿ ನೋಡಿ ಬಂದೆ. ಇಪ್ಪತ್ನಾಲ್ಕು ಕಾಣುತ್ತದೆ. ಮೂರು ದಿನ ಒಣಗಿ ನೀರು ಆರಿದೆ, ಎರಡು ಕಳೆದುಕೊ. ಇಪ್ಪತ್ತೆರಡು. ಈ ಸಲ ಕಂಡದ್ದನ್ನೇ ಬರೆದಿದ್ದೇನೆ. ನಾಲ್ಕನ್ನು ತಾಯಿ ಮಾಡಬೇಡ, ಇನ್ನೊಂದು ಆರು ವರ್ಷ ಮಣ್ಣುಪಾಲಾಗುತ್ತದೆ.

ಇನ್ನೊಂದು ಸಲ ನೋಡೋಣವೆಂದರೆ ಗೆರೆ ಮಸುಕಾಗುತ್ತಿದೆ. ಬೆಳಕು ಹೋಗುತ್ತಿದೆ, ಅಕ್ಷರವೂ ಕಾಣದು. ನಿಲ್ಲಿಸುತ್ತೇನೆ.

ನನ್ನ ಆಶೀರ್ವಾದಕ್ಕೆ ಇನ್ನು ಬೆಲೆಯಿದೆಯೋ ಇಲ್ಲವೋ, ಇದ್ದಷ್ಟೂ ನಿನಗೇ.

ಇಂತಿ ನಿನ್ನ ಅಪ್ಪ,
ರಂಗಸ್ವಾಮಿ

ಮ.ವಿ: ಮರೆತದ್ದಲ್ಲ, ಬಿಟ್ಟದ್ದು. ಆ ನಾಲ್ಕು ಜಲ್ಲೆ ಕಟ್ಟಿದ್ದು ಕನಕರಾಜುವಿನ ಮದುವೆ ಚಪ್ಪರದ ನಾಲ್ಕು ಕಂಬಕ್ಕೆ. ಭಾನುವಾರ ಧಾರೆಯಾಯಿತು. ಹುಡುಗಿ ಅವನ ಸೋದರಮಾವನ ಮಗಳು ಲತಾ. ಬೆಳ್ಳಮ್ಮ ಆವತ್ತು ಬಂದದ್ದು ಅದಕ್ಕೇ, ಕರೆಯುವುದಕ್ಕೆ. ಈ ಕಾಗದ ಅಂದೇ ಬರೆಯಬಹುದಿತ್ತು. ಧಾರೆ ಮುಗಿಯಲಿ ಎಂದು ಕಾದೆ. ಹಿಂಡದೆ ಉಳಿದ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಗಣ್ಣಿನಲ್ಲಿ ಮೊಳೆಯುವ ಕಣ್ಣುಗಳು ಇನ್ನೊಂದು ವಾರ ಬದುಕಿರುತ್ತವೆ. ಅದಕ್ಕಾದರೂ ಬಾ.