ಹೊಟ್ಟೆ ಹೇಳಿದ ಸಾಕ್ಷಿ

೧೯೬೭ ನವೆಂಬರ್ ೭, ಮಂಗಳವಾರ

ಹೊಟ್ಟೆ ಉರಿಗೆ ಸೋಡಾಪುಡಿ ಎರಡು ಸಲ. ಊಟ ಅರ್ಧ. ಕೋರ್ಟಿನಲ್ಲಿ ಏಳು ಸಾಕ್ಷಿಗಳಿಗೆ ಪ್ರಮಾಣವಚನ ಹೇಳಿಕೊಟ್ಟೆ — ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದೆ ಬೇರೇನೂ ಹೇಳುವುದಿಲ್ಲ... ಪ್ರತಿ ಸಲವೂ ನಡುವೆ ತೇಗು. ಮುನ್ಸೀಫರು ಕನ್ನಡಕದ ಮೇಲಿಂದ ನೋಡಿದರು. ಬೆಂಚ್ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಪ್ರಮಾಣದೊಳಗೆ ತೇಗು ಸೇರಿದ್ದು ಇದೇ ಮೊದಲು.

ಸಂಜೆ ಮನೆಗೆ ಬಂದರೆ ಪುಡಿ ಡಬ್ಬಿ ಇಲ್ಲ. ಹೆಂಡತಿ ಗಿರಿಜವ್ವ ಬಚ್ಚಿಟ್ಟಿದ್ದಾಳೆ. "ನಿಮ್ಮ ಅಣ್ಣಾರೂ ಹಿಂಗ ಪುಡಿ ನುಂಗಿ ನುಂಗೀನ ಹೋದ್ರು. ನಾಳೆ ಡಾಕ್ಟರ್ ಕಡೆ ನಡೀರಿ" ಎಂದಳು. ಈ ಕೋರ್ಟಿನಲ್ಲಿ ಅಪೀಲು ಇಲ್ಲ.

ನವೆಂಬರ್ ೮

ಶಿರಸಿ ಡಾಕ್ಟರು ಹೊಟ್ಟೆ ಒತ್ತಿದರು. ಅಣ್ಣನ ವಿಷಯ ಕೇಳಿದರು. ಹೇಳಿದೆ — ಹೊಟ್ಟೆಯ ಕ್ಯಾನ್ಸರ್, ತಿಳಿಯುವಷ್ಟರಲ್ಲಿ ತಡವಾಗಿತ್ತು, ಐವತ್ತೆರಡಕ್ಕೆ ಹೋದ. ನನಗೀಗ ಐವತ್ತೊಂದು.

ಹುಬ್ಬಳ್ಳಿಯಲ್ಲಿ ಜಪಾನಿಗೆ ಹೋಗಿ ಕಲಿತು ಬಂದ ಹರೆಯದ ಡಾಕ್ಟರೊಬ್ಬರು ಇದ್ದಾರಂತೆ. ದೀಪವಿರುವ ಬಾಗುವ ನಳಿಗೆಯನ್ನು ಬಾಯಿಯಿಂದ ಹೊಟ್ಟೆಗಿಳಿಸಿ ಕಣ್ಣಾರೆ ನೋಡುತ್ತಾರಂತೆ. ಎಂಡೋಸ್ಕೋಪಿ. ರೋಗ ಸಣ್ಣದಿರುವಾಗಲೇ ಸಿಕ್ಕಿಬೀಳುತ್ತದಂತೆ. ಅಂದರೆ ಸ್ಥಳ ಪರಿಶೀಲನೆ. ವಾಯಿದೆ — ಇಪ್ಪತ್ತನೇ ತಾರೀಖು.

ನವೆಂಬರ್ ೧೪

ರಜೆ ಚೀಟಿ ಕೊಟ್ಟದ್ದೇ ತಪ್ಪಾಯಿತು. ಕೋರ್ಟಿನ ಚಪರಾಸಿ ಚೌಡ ಊರಿಗೆಲ್ಲ ಡಂಗುರ ಹೊಡೆದಿದ್ದಾನೆ. "ಹೊಟ್ಟೆ ಒಳ್ಗೆ ಬ್ಯಾಟರಿ ಬಿಡ್ತಾರಂತೆ ಹೌದಾ ಸಾಹೇಬ್ರೆ? ಒಳ್ಗೇ ಉಳ್ದೋದ್ರೆ ಎಂತ ಮಾಡೂದು?" ಗದರಿಸಿದೆ. ಸಂಜೆ ಮನೆಗೇ ಬಂದ. ಕೈಯಲ್ಲಿ ಮೊಳದುದ್ದದ ಪಡವಲಕಾಯಿ. ನುಂಗಲು ಅಭ್ಯಾಸ ಆಗಲಿ ಎಂದು ತಂದನಂತೆ.

ಗಿರಿಜವ್ವ ಪಲ್ಯ ಮಾಡಿದಳು. ಅರಗಲಿಲ್ಲ.

ನವೆಂಬರ್ ೨೦, ಬೆಳಗ್ಗೆ ೬. ಹುಬ್ಬಳ್ಳಿ

ಗಿರಿಜವ್ವನ ತಮ್ಮನ ಮನೆ. ಕಾರ್ತಿಕ ಸೋಮವಾರ. ಸ್ನಾನ, ಲಿಂಗಪೂಜೆ, ಲಿಂಗಕ್ಕೆರೆದ ನೀರಿನ ಪಾದೋದಕ, ಬಿಲ್ವಪತ್ರೆಯ ಪ್ರಸಾದ. ಪ್ರಸಾದಕ್ಕೆ ಹಲ್ಲು ತಾಗಿಸಬಾರದೆಂದು ಅವ್ವ ಕಲಿಸಿದ್ದು, ಇಡಿಯಾಗಿ ನುಂಗುವುದು ರೂಢಿ. ರಾತ್ರಿಯಿಂದ ಬೇರೇನೂ ಇಲ್ಲ. ಬರಿ ಹೊಟ್ಟೆಯಲ್ಲಿ ಬರಬೇಕೆಂದು ಡಾಕ್ಟರ ಕಟ್ಟಪ್ಪಣೆ. ಚಹಾದ ವಾಸನೆ ಬರುತ್ತಿದೆ. ಮನಸ್ಸು ಗಟ್ಟಿ ಮಾಡಿ ಕುಳಿತಿದ್ದೇನೆ.

ಅದೇ ದಿನ, ಸಂಜೆ

ಗಂಟಲಿಗೆ ಕಹಿ ಔಷಧ ಬಳಿದರು. ಗಂಟಲು ಇದೆಯೋ ಇಲ್ಲವೋ ತಿಳಿಯದಾಯಿತು. ಎಡಮಗ್ಗುಲಿಗೆ ಮಲಗಿಸಿದರು. ನಳಿಗೆ ಇಳಿಯಿತು. ಪಡವಲಕಾಯಿ ನೆನಪಾಗಿ ನಗು ಬಂತು. ನಗುವುದಕ್ಕೆ ಬಾಯಿ ಖಾಲಿ ಇರಲಿಲ್ಲ, ಕಣ್ಣಲ್ಲೇ ನೀರು ಬಂತು.

ಡಾಕ್ಟರು ಬಹಳ ಹೊತ್ತು ಒಂದೇ ಕಡೆ ನೋಡಿದರು. ನಳಿಗೆ ತೆಗೆದ ಮೇಲೆ ಕೇಳಿದರು: "ಅಂದಾನಪ್ಪನವರ, ರಾತ್ರಿಯಿಂದ ಏನರ ತಗೊಂಡೀರೇನು?"

"ಏನೂ ಇಲ್ಲ."

"ಖರೇ ಹೇಳ್ರಿ."

ನನಗೆ! ಶಿರಸಿ ಕೋರ್ಟಿನಲ್ಲಿ ಸಾವಿರಾರು ಜನರಿಂದ ಸತ್ಯ ಹೇಳಿಸಿದವನಿಗೆ! "ನಾಲಿಗೆಗೆ ತೊಟ್ಟು ನೀರು ಸೋಕಿಸಿಲ್ಲ. ಬೇಕಾದರೆ ಆಣೆ ಇಡುತ್ತೇನೆ" ಎಂದೆ. ಇಟ್ಟೂಬಿಟ್ಟೆ.

ಅವರ ಮುಖ ಸಣ್ಣದಾಯಿತು. ಹೊಟ್ಟೆಯಲ್ಲಿ ಒಂದು ಕಪ್ಪು ಕಲೆ ಇದೆಯಂತೆ. ಮೂರು ಎಸಳಿನ ಹಾಗೆ. ನೀರು ಬಿಟ್ಟರೂ ಕದಲಲಿಲ್ಲವಂತೆ. ಇಂಥದನ್ನು ಜಪಾನಿನಲ್ಲೂ ಕಂಡಿಲ್ಲವಂತೆ. ಎರಡು ವಾರ ಬಿಟ್ಟು ಮತ್ತೆ ಬರಬೇಕು.

ಗಿರಿಜವ್ವನಿಗೆ "ಎಲ್ಲ ಸರಿ ಇದೆ, ಇನ್ನೊಮ್ಮೆ ಬರಲು ಹೇಳಿದ್ದಾರೆ" ಎಂದಷ್ಟೇ ಹೇಳಿದೆ.

ನವೆಂಬರ್ ೨೪

ಬರೆಯಲು ಮನಸ್ಸಿರಲಿಲ್ಲ. ಅಣ್ಣ ಕೊನೆಗೆ ಎಷ್ಟು ಹಗುರವಾಗಿದ್ದ ಎಂದರೆ ನಾನೊಬ್ಬನೇ ಎತ್ತಿ ಹಾಸಿಗೆ ಬದಲಿಸುತ್ತಿದ್ದೆ. ಹೆದರಿಕೆ ಆಗುತ್ತಿದೆ. ಯಾರಿಗೂ ಹೇಳಲಾರೆ, ಇಲ್ಲಿ ಬರೆದಿಡುತ್ತೇನೆ.

ಚೌಡನನ್ನು ಕರೆದು ಪಡವಲಕಾಯಿ ಚೆನ್ನಾಗಿತ್ತು ಎಂದೆ. ಅವನು ಗಾಬರಿಯಾಗಿ, "ಸಾಹೇಬ್ರೆ, ಮೈಗೆ ಹುಷಾರಿಲ್ವಾ?" ಎಂದ.

ನವೆಂಬರ್ ೨೮

ಇವತ್ತಿನದು ಪೂರ್ತಿ ಬರೆಯಬೇಕು. ಬಿಳಗಿ ಕಡೆಯ ಹೊಡೆದಾಟದ ಕೇಸು. ಸಾಕ್ಷಿ ಬೀರ, ಅರವತ್ತರ ಮುದುಕ. ಪ್ರಮಾಣ ಹೇಳಿಕೊಟ್ಟೆ. ಆ ದಿನ ಕುಡಿದಿದ್ದೆಯಾ ಎಂದು ವಕೀಲರು ಕೇಳಿದರು.

"ಒಂದು ತೊಟ್ಟೂ ಇಲ್ಲ ಒಡೆಯಾ."

"ಬಾಯಿ ಗಂ ಅಂತಿತ್ತು ಅಂತ ಪೊಲೀಸರು ಬರೆದಿದ್ದಾರಲ್ಲ?"

"ಅದಾ? ಅದು ಚೌಡಮ್ಮ ದೇವ್ರಿಗೆ ಇಟ್ಟಿದ್ದು. ಪರಸಾದ ತಕಂಡಿದ್ದೆ. ಪರಸಾದ ತಕಂಡ್ರೆ ಕುಡ್ದಂಗೆ ಆಗ್ತದಾ ಒಡೆಯಾ?"

ಕೋರ್ಟೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು. ನನ್ನ ನಗು ನಡುವೆಯೇ ನಿಂತುಹೋಯಿತು.

ಪಾದೋದಕ. ಪತ್ರೆ. ಮೂರು ಎಸಳು.

ಬೀರನಿಗೆ ನಾನೇ ಲೋಟದಲ್ಲಿ ನೀರು ಕೊಟ್ಟೆ. ಮನೆಗೆ ಬಂದು ಗಿರಿಜವ್ವನಿಗೆ ಎಲ್ಲ ಹೇಳಿದೆ. ನಾನು ಮುಚ್ಚಿಟ್ಟದ್ದಕ್ಕೆ ಅತ್ತಳು, ಆಮೇಲೆ ಸೆರಗು ಬಾಯಿಗಿಟ್ಟು ನಕ್ಕಳು.

ಡಿಸೆಂಬರ್ ೪. ಹುಬ್ಬಳ್ಳಿ

ಪೂಜೆ ಮುಗಿಸಿ ಪ್ರಸಾದವನ್ನು ಗಿರಿಜವ್ವನ ಕೈಗೆ ಕೊಟ್ಟೆ. ಡಾಕ್ಟರ ಮುಂದೆ ನಿಂತು ಸುಳ್ಳು ಸಾಕ್ಷಿ ಹೇಳಿದ್ದನ್ನು ಒಪ್ಪಿಕೊಂಡೆ. ಅವರು ನಗುತ್ತಲೇ ನಳಿಗೆ ಇಳಿಸಿದರು. ಪತ್ರೆ ಇದ್ದ ಜಾಗ ಚೊಕ್ಕ.

ಆದರೆ ನಗು ನಿಲ್ಲಿಸಿದರು. ಈ ಸಲ ಮೂಲೆ ಮೂಲೆ ನಿಧಾನವಾಗಿ ನೋಡಿದರಂತೆ. ಕೆಳಗಿನ ತಿರುವಿನಲ್ಲಿ ಹೆಸರುಕಾಳಿನಷ್ಟು ಬಿಳಿಚಿದ ಜಾಗ. ಚೂರು ಚಿವುಟಿ ಪರೀಕ್ಷೆಗೆ ಕಳಿಸಿದ್ದಾರೆ. "ಇಷ್ಟು ಸಣ್ಣದು ಒಮ್ಮೆ ನೋಡಿದ್ರ ಕಾಣಸೂದಿಲ್ರಿ. ನಿಮ್ಮ ಪತ್ರಿಯಿಂದನ ಎರಡನೇ ಸಲ ನೋಡೂಹಂಗಾತು" ಎಂದರು.

ಡಿಸೆಂಬರ್ ೨೨

ಕಾಗದ ಬಂತು. ಕ್ಯಾನ್ಸರೇ. ಬಹಳ ಸಣ್ಣದು, ಮೇಲುಮೇಲಿನದು. ಈಗಲೇ ಕೊಯ್ದು ತೆಗೆದರೆ ಗುಣವಾಗುತ್ತದೆಂದು ಬರೆದಿದ್ದಾರೆ. "ಈಗಲೇ" ಎಂಬ ಮಾತಿನ ಕೆಳಗೆ ಎರಡು ಗೆರೆ. ಅಣ್ಣನಿಗೆ ಯಾರೂ ಈ ಮಾತು ಹೇಳಲಿಲ್ಲ.

೧೯೬೮ ಜನವರಿ ೮, ಬೆಳಗ್ಗೆ ೭. ಆಸ್ಪತ್ರೆ

ಬರಿ ಹೊಟ್ಟೆ. ನಿಜವಾಗಿ ಬರಿ ಹೊಟ್ಟೆ. ಇವತ್ತಿನ ಪತ್ರೆಯನ್ನು ಶಸ್ತ್ರಕ್ರಿಯೆ ಮುಗಿದು ಎದ್ದ ಮೇಲೆ ನುಂಗಲು ಈ ಡೈರಿಯ ಪುಟದೊಳಗೆ ಇಡುತ್ತಿದ್ದೇನೆ. ಡೈರಿ ಗಿರಿಜವ್ವನ ಕೈಗೆ ಕೊಟ್ಟು ಹೋಗುತ್ತೇನೆ. ನನ್ನ ಹೆಸರು ಕೂಗಿದರು — ಕೋರ್ಟಿನ ಹಾಗೆ ಮೂರು ಸಲ ಅಲ್ಲ, ಒಂದೇ ಸಲ. ಹಾಜರಾಗಬೇಕು.

ಜನವರಿ ೧೯

ಇವತ್ತು ಎದ್ದು ಕುಳಿತೆ. ಹೊಟ್ಟೆ ಅರ್ಧ ಹೋಯಿತು, ರೋಗ ಪೂರ್ತಿ ಹೋಯಿತು ಎಂದರು ಡಾಕ್ಟರು. ಗಂಜಿ ಐದು ಚಮಚ.

ಪುಟ ತೆರೆದರೆ ಪತ್ರೆ ಇಲ್ಲ, ಬರೀ ಹಸಿರು ಗುರುತು. ಗಿರಿಜವ್ವನನ್ನು ಕೇಳಿದೆ. ತಲೆ ತಗ್ಗಿಸಿದಳು. "ಮೂರು ತಾಸಾದ್ರೂ ನೀವು ಹೊರಗ ಬರಲಿಲ್ಲ. ಭಾಳ ಹೆದರಿಕಿ ಆತು. ನಾನಽ ತಿಂದೆ. ಇವತ್ತಿಂದು ತಂದೀನಿ, ತಗೋರಿ."

ಕಿರುಬೆರಳಿನ ಉಗುರಿನಷ್ಟು ಚೂರು. ಅವಳ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ನುಂಗಿದೆ.

ಬಾಗಿಲಲ್ಲಿ ಡಾಕ್ಟರು. ಬೆಳಗ್ಗೆಯಿಂದ ಏನೇನು ತಗೊಂಡಿರಿ ಎಂದು ಕೇಳುತ್ತಿದ್ದಾರೆ. ಗಿರಿಜವ್ವ "ಗಂಜಿ ಅಷ್ಟಽ ರೀ" ಎನ್ನುತ್ತಿದ್ದಾಳೆ. ಈಗ ನನ್ನ ಕಡೆ ತಿರುಗಿದರು. ಸತ್ಯವನ್ನೇ —